ನೋವಿಲ್ಲದ ಕಪ್ಪು ಹುಣ್ಣು: ಸತ್ತ ದನ-ಕುರಿಗಳಿಂದ ಕೈಗೆ ಅಂಟುವ ಆಂಥ್ರಾಕ್ಸ್ ಬಗ್ಗೆ ಗೊತ್ತಿರಬೇಕಾದದ್ದು

ಊರಲ್ಲಿ ಎರಡು ಕುರಿ, ಒಂದು ಎತ್ತು ಇದ್ದಕ್ಕಿದ್ದಂತೆ ಸತ್ತರೆ ಸಾಕು, ಸಂಜೆಯೊಳಗೆ ಮೊಬೈಲಿನಲ್ಲಿ ಸಂದೇಶಗಳ ಸುರಿಮಳೆ ಶುರುವಾಗುತ್ತದೆ. ಆಂಥ್ರಾಕ್ಸ್ ಬಂದಿದೆ, ಮುಟ್ಟಿದವರೆಲ್ಲ ಸಾಯುತ್ತಾರೆ ಎಂದು ಒಂದು ಸಂದೇಶ ಹೆದರಿಸುತ್ತದೆ. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ ಎಂದು ಇನ್ನೊಂದು ಧೈರ್ಯ ತುಂಬುತ್ತದೆ. ಮೂರನೆಯದು ಯಾವುದೋ ಕಪ್ಪು ಹುಣ್ಣಿನ ಫೋಟೊ ಹಾಕಿ ಎಲ್ಲರಿಗೂ ಕಳಿಸಿ ಎನ್ನುತ್ತದೆ.

ಮೊದಲನೆಯದು ಸುಳ್ಳು. ಎರಡನೆಯದು ಅಪಾಯಕಾರಿ. ಮೂರನೆಯದರಲ್ಲಿ ಫೋಟೊ ನಿಜವೇ ಆಗಿದ್ದರೂ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿರುತ್ತದೆ: ಆ ಹುಣ್ಣು ನೋಯುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕೇ ಜನ ಅದನ್ನು ಡಾಕ್ಟರಿಗೆ ತೋರಿಸುವುದಿಲ್ಲ. ಬೇಗ ತೋರಿಸಿದರೆ ನಮ್ಮೂರಿನ ಆಸ್ಪತ್ರೆಗಳಲ್ಲಿ ಸಿಗುವ ಹಳೆಯ ಔಷಧಿಗಳಿಂದಲೇ ಗುಣವಾಗುವ ಕಾಯಿಲೆ ಇದು. ತಡ ಮಾಡಿದರೆ ಜೀವ ತೆಗೆಯಬಲ್ಲದು.

ಒಂದೇ ನೋಟದಲ್ಲಿ

- ಆಂಥ್ರಾಕ್ಸ್ ಬ್ಯಾಕ್ಟೀರಿಯಾದಿಂದ ಬರುವ ರೋಗ. ದನ, ಎಮ್ಮೆ, ಕುರಿ, ಮೇಕೆಗಳಿಂದ ಮನುಷ್ಯರಿಗೆ ಬರುತ್ತದೆ.
- ಜಗತ್ತಿನಲ್ಲಿ ಸಹಜವಾಗಿ ಕಾಣಿಸಿಕೊಳ್ಳುವ ಮನುಷ್ಯರ ಪ್ರಕರಣಗಳಲ್ಲಿ ಸುಮಾರು 95 ಶೇಕಡಾ ಚರ್ಮದ ಆಂಥ್ರಾಕ್ಸ್.
- ಚಿಕಿತ್ಸೆ ಇಲ್ಲದಿದ್ದರೆ ಚರ್ಮದ ಆಂಥ್ರಾಕ್ಸ್ ತಗುಲಿದ ನೂರು ಜನರಲ್ಲಿ 10ರಿಂದ 20 ಮಂದಿ ಸಾಯಬಹುದು. ಸರಿಯಾದ ಚಿಕಿತ್ಸೆ ಸಿಕ್ಕರೆ ಸಾವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.
- ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯನ್ನು ಕೊಯ್ಯಬೇಡಿ, ಸುಲಿಯಬೇಡಿ, ತಿನ್ನಬೇಡಿ.
- ನೋವಿಲ್ಲದ ಕಪ್ಪು ಹುಣ್ಣು ಕಂಡರೆ ಹಿಂಡಬೇಡಿ, ಕೊಯ್ಯಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.

ಯಾವುದು ಈ ರೋಗ?

ಆಂಥ್ರಾಕ್ಸ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯ ಕಲ್ಲಿದ್ದಲು ಎಂಬರ್ಥದ ಪದ. ಚರ್ಮದ ಮೇಲೆ ಮೂಡುವ ಕಪ್ಪು ಹಕ್ಕಳೆ ಇದ್ದಿಲಿನ ತುಂಡಿನಂತೆ ಕಾಣುವುದರಿಂದ ಆ ಹೆಸರು ಬಂತು. ಕನ್ನಡದಲ್ಲಿ ಇದನ್ನು ನೆರಡಿ ರೋಗ ಎನ್ನುತ್ತಾರೆ, ಕೆಲವೆಡೆ ದೊಮ್ಮೆ ರೋಗ ಎಂದೂ ಕರೆಯುತ್ತಾರೆ. ದನ ಸಾಕುವವರಿಗೆ ಇದು ಹೊಸದಲ್ಲ.

ರೋಗ ತರುವುದು ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾ. ಒಂದು ನಿರ್ದಿಷ್ಟ ಸೂಕ್ಷ್ಮಜೀವಿಯಿಂದಲೇ ಒಂದು ನಿರ್ದಿಷ್ಟ ರೋಗ ಬರುತ್ತದೆ ಎಂದು 1876ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ತೋರಿಸಿದ್ದು ಇದೇ ಬ್ಯಾಕ್ಟೀರಿಯಾದ ಮೂಲಕ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಕುರಿಗಳಿಗೆ ಲಸಿಕೆ ಹಾಕಿ ಜನರ ಮುಂದೆಯೇ ಪ್ರಯೋಗ ನಡೆಸಿದ್ದೂ ಇದೇ ರೋಗದ ವಿರುದ್ಧ.

ಈ ರೋಗ ಮನುಷ್ಯರನ್ನು ಮುಖ್ಯವಾಗಿ ಮೂರು ದಾರಿಯಲ್ಲಿ ಹಿಡಿಯುತ್ತದೆ. ಗಾಯದ ಮೂಲಕ ಚರ್ಮಕ್ಕೆ, ಸೋಂಕಿತ ಮಾಂಸದ ಮೂಲಕ ಹೊಟ್ಟೆಗೆ, ಉಸಿರಿನ ಮೂಲಕ ಎದೆಗೆ. ಉಸಿರಿನದು ಅತ್ಯಂತ ಘೋರ, ಆದರೆ ತೀರಾ ಅಪರೂಪ. ಹಳ್ಳಿಗಳಲ್ಲಿ ನಿಜವಾಗಿ ಕಾಣುವುದು ಚರ್ಮದ ಆಂಥ್ರಾಕ್ಸ್. ಈ ಲೇಖನ ಅದರ ಬಗ್ಗೆ.

ಮಣ್ಣಿನಿಂದ ದನಕ್ಕೆ, ದನದಿಂದ ಕೈಗೆ

ಈ ಬ್ಯಾಕ್ಟೀರಿಯಾಗೆ ಎರಡು ರೂಪಗಳಿವೆ. ಪ್ರಾಣಿಯ ರಕ್ತದಲ್ಲಿ ಬೆಳೆಯುವಾಗ ಅದೊಂದು ಸಾಮಾನ್ಯ ಜೀವಕೋಶ. ಬಿಸಿ, ಒಣಹವೆ, ಔಷಧಿ ಯಾವುದಕ್ಕಾದರೂ ಸಾಯುತ್ತದೆ. ಆದರೆ ಹೊರಗಿನ ಗಾಳಿ ತಗುಲಿದಾಗ ಅದು ಗಟ್ಟಿ ಕವಚ ತೊಟ್ಟು ಬೀಜದಂತೆ ಕುಳಿತುಬಿಡುತ್ತದೆ. ಇದಕ್ಕೆ ಸ್ಪೋರ್ ಎನ್ನುತ್ತಾರೆ. ರಾಗಿಯ ಕಾಳು ಕಣಜದಲ್ಲಿ ವರ್ಷಗಟ್ಟಲೆ ಕೆಡದೆ ಉಳಿದು, ನೀರು ಸಿಕ್ಕಾಗ ಮೊಳೆಯುತ್ತದಲ್ಲ, ಹಾಗೆ ಸ್ಪೋರ್ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ. ಮತ್ತೊಂದು ಪ್ರಾಣಿಯ ಮೈ ಸೇರಿದ ಮೇಲೆ ಎಚ್ಚೆತ್ತು ಬೆಳೆಯುತ್ತದೆ.

ದಶಕಗಟ್ಟಲೆ ಎಂಬುದು ಉತ್ಪ್ರೇಕ್ಷೆಯಲ್ಲ. 1942ರಲ್ಲಿ ಬ್ರಿಟಿಷ್ ಸರ್ಕಾರ ಸ್ಕಾಟ್ಲೆಂಡಿನ ಗ್ರುಯ್‌ನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಆಂಥ್ರಾಕ್ಸ್ ಅಸ್ತ್ರದ ಪ್ರಯೋಗ ನಡೆಸಿತು. ಆಮೇಲೆ ಆ ದ್ವೀಪಕ್ಕೆ ಕಾಲಿಡುವುದನ್ನೇ ನಿಷೇಧಿಸಬೇಕಾಯಿತು. 1986ರಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿದ ಸಮುದ್ರದ ನೀರಿನಲ್ಲಿ ಮಣ್ಣನ್ನು ತೋಯಿಸಿ ಶುದ್ಧಗೊಳಿಸಿದರು. ದ್ವೀಪ ಸುರಕ್ಷಿತ ಎಂದು ಘೋಷಣೆಯಾದದ್ದು 1990ರಲ್ಲಿ. 2016ರ ಬೇಸಿಗೆಯಲ್ಲಿ ರಷ್ಯಾದ ಸೈಬೀರಿಯಾದಲ್ಲಿರುವ ಯಮಾಲ್ ಪ್ರದೇಶದಲ್ಲಿ ವಿಪರೀತ ಸೆಖೆಗೆ ಹೆಪ್ಪುಗಟ್ಟಿದ ನೆಲ ಕರಗಿದಾಗ 2,000ಕ್ಕೂ ಹೆಚ್ಚು ಹಿಮಸಾರಂಗಗಳು ಆಂಥ್ರಾಕ್ಸ್‌ನಿಂದ ಸತ್ತವು. ಒಬ್ಬ ಬಾಲಕನ ಪ್ರಾಣವೂ ಹೋಯಿತು. ಅಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಲಾಗಿತ್ತು.

ನಮ್ಮಲ್ಲಿ ಹೆಪ್ಪುಗಟ್ಟಿದ ನೆಲವಿಲ್ಲ. ಆದರೆ ಬರ ಮತ್ತು ಮಳೆಯ ಸರದಿ ಇದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಮೋಟಾದಾಗ ದನ-ಕುರಿಗಳು ನೆಲಕ್ಕೆ ಮೂತಿಯಿಟ್ಟು ಮೇಯುತ್ತವೆ, ಮಣ್ಣೂ ಹೊಟ್ಟೆ ಸೇರುತ್ತದೆ. ಒರಟು ಕೂಳೆ ಬಾಯಿ ಗೀರುತ್ತದೆ. ಜೋರು ಮಳೆ ಬಂದಾಗ ಹಿಂದೆಂದೋ ಸತ್ತ ಪ್ರಾಣಿಯಿಂದ ಮಣ್ಣು ಸೇರಿದ್ದ ಸ್ಪೋರ್‌ಗಳು ಮೇಲೆದ್ದು ನೀರು ನಿಲ್ಲುವ ತಗ್ಗುಗಳಲ್ಲಿ ಸೇರುತ್ತವೆ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಗೋಮಾಳದಲ್ಲಿ ರೋಗ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದಕ್ಕೇ. ಅದು ಊರಿಗೆ ತಟ್ಟಿದ ಶಾಪವಲ್ಲ, ಮಾರಿಯ ಮುನಿಸೂ ಅಲ್ಲ. ಹಿಂದೆ ಸತ್ತ ದನವನ್ನು ಸರಿಯಾಗಿ ವಿಲೇವಾರಿ ಮಾಡದೆ ಹೋದದ್ದರ ಫಲ.

ಭಾರತದಲ್ಲಿ ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು, ಒಡಿಶಾ, ಪಶ್ಚಿಮ ಬಂಗಾಳದಂಥ ರಾಜ್ಯಗಳಿಂದ ಆಂಥ್ರಾಕ್ಸ್ ವರದಿಯಾಗುತ್ತಲೇ ಬಂದಿದೆ. ಒಡಿಶಾದ ಕೊರಾಪುಟ್ ಜಿಲ್ಲೆಯಲ್ಲಿ ಸತ್ತ ಜಾನುವಾರಿನ ಮಾಂಸ ಕೊಯ್ದು ತಿಂದವರಲ್ಲಿ ಚರ್ಮದ ಆಂಥ್ರಾಕ್ಸ್ ಹಲವು ಬಾರಿ ಕಂಡುಬಂದಿದೆ. 2022ರಲ್ಲಿ ಕೇರಳದ ಅದಿರಪಳ್ಳಿ ಕಾಡಿನಲ್ಲಿ ಸತ್ತ ಕಾಡುಹಂದಿಗಳಲ್ಲೂ ಈ ರೋಗ ದೃಢಪಟ್ಟಿತ್ತು.

ಸತ್ತ ಪ್ರಾಣಿಯನ್ನು ಕೊಯ್ಯಬಾರದು ಏಕೆ?

ಬೆಳಿಗ್ಗೆ ಚೆನ್ನಾಗಿದ್ದ ದನ ಮಧ್ಯಾಹ್ನದೊಳಗೆ ಸತ್ತು ಬಿದ್ದಿರುತ್ತದೆ. ಹೊಟ್ಟೆ ಬೇಗನೆ ಊದಿಕೊಳ್ಳುತ್ತದೆ. ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಬಹುದು. ಮೈ ಸಾಮಾನ್ಯ ಹೆಣದಂತೆ ಪೂರ್ತಿ ಸೆಟೆದುಕೊಳ್ಳದೆಯೂ ಇರಬಹುದು. ಹೆಚ್ಚಿನ ಜನ ಇದನ್ನು ಹಾವು ಕಚ್ಚಿದ್ದು, ವಿಷದ ಸೊಪ್ಪು ತಿಂದದ್ದು ಎಂದುಕೊಳ್ಳುತ್ತಾರೆ. ರಕ್ತ ಒಸರದೆಯೂ ಆಂಥ್ರಾಕ್ಸ್ ಇರಬಹುದು. ಆದ್ದರಿಂದ ಕಾರಣ ಗೊತ್ತಿಲ್ಲದ ಯಾವುದೇ ದಿಢೀರ್ ಸಾವನ್ನು ಸಂಶಯದಿಂದಲೇ ನೋಡಬೇಕು.

ಹೆಣವನ್ನು ಮುಚ್ಚಿದಂತೆಯೇ ಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಗಾಳಿ ಸಿಗುವುದಿಲ್ಲ. ಅವು ಸ್ಪೋರ್ ಆಗಲಾರವು. ಹೆಣ ಕೊಳೆಯುವಾಗ ಹುಟ್ಟುವ ಬೇರೆ ಬ್ಯಾಕ್ಟೀರಿಯಾಗಳ ಜೊತೆ ಸೆಣಸಲಾರದೆ ಕೆಲವು ದಿನಗಳಲ್ಲಿ ಹೆಚ್ಚಿನವು ಸಾಯುತ್ತವೆ. ಅದೇ ಹೆಣವನ್ನು ಕೊಯ್ದರೆ ರಕ್ತ ಗಾಳಿಗೆ ತೆರೆದುಕೊಳ್ಳುತ್ತದೆ, ಲೆಕ್ಕವಿಲ್ಲದಷ್ಟು ಸ್ಪೋರ್‌ಗಳು ಹುಟ್ಟಿ ಮಣ್ಣು ಸೇರುತ್ತವೆ. ಒಂದು ಕತ್ತಿಯ ಗೀರು ಮುಂದಿನ ಎಷ್ಟೋ ವರ್ಷಗಳ ರೋಗಕ್ಕೆ ಬಿತ್ತನೆ ಮಾಡಿದಂತೆ.

ಪಶುವೈದ್ಯರೂ ಆಂಥ್ರಾಕ್ಸ್ ಶಂಕೆ ಇರುವಾಗ ಹೆಣ ಕೊಯ್ದು ಮರಣೋತ್ತರ ಪರೀಕ್ಷೆ ಮಾಡುವುದಿಲ್ಲ. ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಮನುಷ್ಯರಿಗೆ ಅಪಾಯ ಎದುರಾಗುವುದೂ ಕೊಯ್ಯುವ ಹೊತ್ತಿನಲ್ಲೇ. ಬೆರಳಿನ ಸಣ್ಣ ಗೀರು, ಉಗುರಿನ ಪಕ್ಕ ಸುಲಿದ ಚರ್ಮ, ತುರಿಸಿಕೊಂಡ ಕಡೆಯ ಗಾಯ ಸಾಕು, ಸ್ಪೋರ್ ಒಳಗೆ ಹೋಗುತ್ತದೆ. ಅದಕ್ಕೇ ಹುಣ್ಣು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬೆರಳು, ಕೈ, ಮುಂಗೈ, ಮುಖ, ಕತ್ತಿನ ಮೇಲೆ.

ಸತ್ತ ದನವೇ ಆಗಬೇಕೆಂದಿಲ್ಲ. ಹಸಿ ತೊಗಲು, ಉಣ್ಣೆ, ಕೂದಲು, ಮೂಳೆ ಕೂಡ ಸ್ಪೋರ್ ಹೊತ್ತಿರಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಉಣ್ಣೆ ವಿಂಗಡಿಸುವ ಕಾರ್ಮಿಕರಿಗೆ ಇದು ಉಸಿರಿನ ಮೂಲಕ ತಗುಲುತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಮುಖ, ಕತ್ತಿನ ಮೇಲೆ ಆಂಥ್ರಾಕ್ಸ್ ಹುಣ್ಣುಗಳಾದವು.

ಹುಣ್ಣು ಹೇಗೆ ಶುರುವಾಗುತ್ತದೆ, ಹೇಗೆ ಬೆಳೆಯುತ್ತದೆ?

ಸ್ಪೋರ್ ಚರ್ಮ ಸೇರಿದ ಮೇಲೆ ಸಾಮಾನ್ಯವಾಗಿ 1ರಿಂದ 7 ದಿನಗಳಲ್ಲಿ ಲಕ್ಷಣ ಕಾಣಿಸುತ್ತದೆ. ಕೆಲವರಲ್ಲಿ ಇನ್ನೂ ಕೆಲವು ದಿನ ತಡವಾಗಬಹುದು. ಆಮೇಲೆ ಹೆಚ್ಚುಕಡಿಮೆ ಈ ಕ್ರಮದಲ್ಲಿ ಸಾಗುತ್ತದೆ:

1. ಮೊದಲು ಸೊಳ್ಳೆಯೋ ಜೇಡವೋ ಕಚ್ಚಿದಂಥ ಸಣ್ಣ ಕೆಂಪು ಗುಳ್ಳೆ. ತುರಿಕೆ ಇರುತ್ತದೆ.
2. ಒಂದೆರಡು ದಿನಗಳಲ್ಲಿ ಅದೇ ಜಾಗದಲ್ಲಿ, ಅದರ ಸುತ್ತಲೂ ನೀರು ತುಂಬಿದ ಬೊಕ್ಕೆಗಳು.
3. ಬೊಕ್ಕೆ ಒಡೆದು ಹುಣ್ಣಾಗುತ್ತದೆ. ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಹುಣ್ಣಿನ ಅಗಲ ಸಾಮಾನ್ಯವಾಗಿ 1ರಿಂದ 3 ಸೆಂಟಿಮೀಟರ್.
4. ಹುಣ್ಣು ಚಿಕ್ಕದಿದ್ದರೂ ಸುತ್ತಲಿನ ಬಾವು ದೊಡ್ಡದು. ಕಂಕುಳಲ್ಲೋ ಕತ್ತಿನಲ್ಲೋ ಗೆಡ್ಡೆ ಕಟ್ಟಬಹುದು. ಕೆಲವರಿಗೆ ಜ್ವರ, ತಲೆನೋವು, ಸುಸ್ತು.
5. ಎರಡು-ಮೂರು ವಾರಗಳಲ್ಲಿ ಹಕ್ಕಳೆ ಒಣಗಿ ಉದುರುತ್ತದೆ.

ಹಕ್ಕಳೆ ತಾನಾಗಿ ಉದುರಿಹೋಗುವುದರಿಂದ ಇದು ತಾನಾಗಿಯೇ ವಾಸಿಯಾಗುವ ಹುಣ್ಣು ಎಂಬ ನಂಬಿಕೆ ಹುಟ್ಟುತ್ತದೆ. ಬಹಳಷ್ಟು ಜನರಲ್ಲಿ ಹಾಗೆ ಆಗುವುದೂ ಉಂಟು. ಆದರೆ ಯಾರ ರಕ್ತಕ್ಕೆ ಬ್ಯಾಕ್ಟೀರಿಯಾ ಇಳಿಯುತ್ತದೆ ಎಂದು ಹುಣ್ಣು ನೋಡಿ ಮೊದಲೇ ಹೇಳಲಾಗದು. ಇಳಿದರೆ ಮೈಯೆಲ್ಲ ವಿಷವೇರುತ್ತದೆ, ಮಿದುಳಿನ ಪೊರೆಗೂ ಹರಡಬಹುದು. ಮುಖ, ಕತ್ತಿನ ಮೇಲೆ ಹುಣ್ಣಾದರೆ ಬಾವು ಶ್ವಾಸನಾಳವನ್ನೇ ಒತ್ತಬಹುದು.

ಇಷ್ಟೆಲ್ಲ ಆದರೂ ನೋವೇಕೆ ಇಲ್ಲ?

ಬಾಲತೋಡು ಎಷ್ಟು ನೋಯುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಸರ್ಪಸುತ್ತು ರಾತ್ರಿ ನಿದ್ದೆಗೆಡಿಸುತ್ತದೆ. ಆದರೆ ಅವಕ್ಕಿಂತ ಭಯಂಕರವಾಗಿ ಕಾಣುವ ಈ ಕಪ್ಪು ಹುಣ್ಣು ಮುಟ್ಟಿದರೂ ನೋಯುವುದಿಲ್ಲ.

ಇದಕ್ಕೆ ಉತ್ತರ ಬ್ಯಾಕ್ಟೀರಿಯಾ ಸುರಿಸುವ ವಿಷದಲ್ಲಿದೆ. ಅದು ಮೂರು ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಒಂದು, ನಮ್ಮ ಜೀವಕೋಶದ ಬಾಗಿಲು ತೆರೆಯುವ ಕೀಲಿಕೈ. ಆ ಬಾಗಿಲಿನಿಂದ ಉಳಿದ ಎರಡು ಒಳಗೆ ನುಗ್ಗುತ್ತವೆ. ಅವುಗಳಲ್ಲಿ ಒಂದು ಜೀವಕೋಶದ ಸಂದೇಶ ವ್ಯವಸ್ಥೆಯನ್ನೇ ಹಾಳುಗೆಡವುತ್ತದೆ. ಇನ್ನೊಂದು ಅಂಗಾಂಶದೊಳಗೆ ನೀರು ಸೋರಿ ತುಂಬುವಂತೆ ಮಾಡುತ್ತದೆ. ಚಿಕ್ಕ ಹುಣ್ಣಿನ ಸುತ್ತ ದೊಡ್ಡ ಬಾವು ಬರುವುದು ಈ ಕೊನೆಯದರಿಂದ.

ಇದೇ ಬಾವಿನ ವಿಷಕ್ಕೆ ನೋವಿನ ನರಗಳನ್ನು ಮೌನವಾಗಿಸುವ ಗುಣವೂ ಇದೆ ಎಂದು ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿಜ್ಞಾನಿಗಳ ತಂಡ 2021ರ ಕೊನೆಯಲ್ಲಿ ಪ್ರಕಟಿಸಿತು. ನೋವಿನ ಸುದ್ದಿಯನ್ನು ಮಿದುಳಿಗೆ ಸಾಗಿಸುವ ನರಕೋಶಗಳ ಮೇಲೆ ಈ ವಿಷ ಅಂಟಿಕೊಳ್ಳಲು ಬೇಕಾದ ಬಾಗಿಲುಗಳಿವೆ. ಇಲಿಗಳಿಗೆ ಈ ವಿಷದ ಭಾಗಗಳನ್ನು ಕೊಟ್ಟಾಗ ನೋವಿನ ಸಂವೇದನೆ ಕಡಿಮೆಯಾಯಿತು. ಇದನ್ನೇ ಬಳಸಿ ಹೊಸ ನೋವುನಿವಾರಕ ತಯಾರಿಸಬಹುದೇ ಎಂಬ ಹುಡುಕಾಟವೂ ಆರಂಭವಾಗಿದೆ.

ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ನೋವಿಲ್ಲ ಎಂಬುದು ರೋಗ ಸಣ್ಣದು ಎಂಬುದರ ಗುರುತಲ್ಲ. ಈ ಕಾಯಿಲೆಯಲ್ಲಿ ನೋವಿಲ್ಲದಿರುವುದೇ ಲಕ್ಷಣ.

ಬೇರೆ ಯಾವುದೆಂದು ತಪ್ಪು ತಿಳಿಯಬಹುದು?

- ಜೇಡ, ಹುಳು ಕಚ್ಚಿದ್ದು: 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಆಂಥ್ರಾಕ್ಸ್ ಹರಡಿದಾಗ, ನ್ಯೂಯಾರ್ಕಿನಲ್ಲಿ ಏಳು ತಿಂಗಳ ಮಗುವಿನ ತೋಳಿನ ಹುಣ್ಣನ್ನು ಮೊದಲು ಜೇಡ ಕಚ್ಚಿದ್ದೆಂದೇ ಭಾವಿಸಲಾಗಿತ್ತು. ಮಗು ಬದುಕುಳಿಯಿತು.
- ಸ್ಕ್ರಬ್ ಟೈಫಸ್: ಪೊದೆ, ಹುಲ್ಲಿನ ನಡುವೆ ಇರುವ ಸಣ್ಣ ನುಸಿ ಕಚ್ಚಿ ಬರುವ ಈ ಜ್ವರದಲ್ಲೂ ನೋವಿಲ್ಲದ ಕಪ್ಪು ಹಕ್ಕಳೆ ಇರುತ್ತದೆ. ಆದರೆ ಅದು ಹೆಚ್ಚಾಗಿ ಬಟ್ಟೆ ಮುಚ್ಚಿದ ಜಾಗದಲ್ಲಿರುತ್ತದೆ, ಜ್ವರ ಜೋರಾಗಿರುತ್ತದೆ. ಇದಕ್ಕೂ ಬೇಗ ಚಿಕಿತ್ಸೆ ಬೇಕೇ ಬೇಕು.
- ಓರ್ಫ್: ಕುರಿ-ಮೇಕೆಗಳ ಬಾಯಿಹುಣ್ಣಿನಿಂದ ಕೈಬೆರಳಿಗೆ ಬರುವ ವೈರಸ್ ರೋಗ. ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ.
- ಚರ್ಮಗಂಟು ರೋಗ: 2022ರಲ್ಲಿ ದನಗಳಲ್ಲಿ ಹಬ್ಬಿದಾಗ ಇದು ಮನುಷ್ಯರಿಗೂ ಬರುತ್ತದೆ ಎಂಬ ಸಂದೇಶಗಳು ಹರಿದಾಡಿದವು. ಅದು ವೈರಸ್ ರೋಗ, ಮನುಷ್ಯರಿಗೆ ಬರುವುದಿಲ್ಲ. ಆಂಥ್ರಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಯಾವುದು ಯಾವುದೆಂದು ಫೋಟೊ ನೋಡಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಡಾಕ್ಟರು ಹುಣ್ಣಿನ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಶಂಕೆ ಬಲವಾಗಿದ್ದರೆ ಫಲಿತಾಂಶಕ್ಕೆ ಕಾಯದೆ ಔಷಧಿ ಶುರುಮಾಡುತ್ತಾರೆ.

ಚಿಕಿತ್ಸೆ ಏನು?

ಪೆನಿಸಿಲಿನ್ ಗುಂಪಿನ ಔಷಧಿಗಳು, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲೊಕ್ಸಾಸಿನ್ ಈ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತವೆ. ಇವೆಲ್ಲ ಹಳೆಯ ಔಷಧಿಗಳು, ದುಬಾರಿಯೂ ಅಲ್ಲ. ಪ್ರಾಣಿಗಳಿಂದ ಬಂದ ಸಾಮಾನ್ಯ ಹುಣ್ಣಿಗೆ ಸುಮಾರು ಒಂದು ವಾರದ ಚಿಕಿತ್ಸೆ ಸಾಕಾಗಬಹುದು. ಮುಖ-ಕತ್ತಿನ ಬಾವು, ಜೋರು ಜ್ವರ, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಸೇರಿಸಬೇಕು. ಯಾವ ಔಷಧಿ, ಎಷ್ಟು ದಿನ ಎಂಬುದು ಡಾಕ್ಟರಿಗೆ ಬಿಟ್ಟದ್ದು. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತಾವೇ ಕೊಂಡು ನುಂಗುವುದು ಬೇಡ. ಪೆನಿಸಿಲಿನ್ ಒಗ್ಗದವರೂ ಇರುತ್ತಾರೆ.

ಇಲ್ಲೊಂದು ವಿಷಯ ತಿಳಿದಿರಬೇಕು. ಔಷಧಿ ಶುರುವಾದ ಮೇಲೆ ಹುಣ್ಣಿನೊಳಗಿನ ಬ್ಯಾಕ್ಟೀರಿಯಾ ಬೇಗನೆ ಸಾಯುತ್ತವೆ. ಆದರೂ ಹುಣ್ಣು ಕಪ್ಪಾಗುವುದು, ಹಕ್ಕಳೆ ಕಟ್ಟುವುದು ನಿಲ್ಲುವುದಿಲ್ಲ. ಆಗಲೇ ಸುರಿದ ವಿಷ ತನ್ನ ಕೆಲಸ ಮುಗಿಸುತ್ತದೆ. ಇದನ್ನು ನೋಡಿ ಔಷಧಿ ನಾಟಲಿಲ್ಲ ಎಂದುಕೊಂಡು ಮಾತ್ರೆ ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು. ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು.

ಫಾರ್ವರ್ಡ್‌ಗಳು ಹೇಳುವುದು, ವಿಜ್ಞಾನ ಹೇಳುವುದು

ರೋಗಿಯನ್ನು ಮುಟ್ಟಿದರೆ, ಪಕ್ಕದಲ್ಲಿ ಕೂತರೆ ಬರುತ್ತದೆ. ಸುಳ್ಳು. ಇದು ಶೀತದಂತೆ, ಕೋವಿಡ್‌ನಂತೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹುಣ್ಣಿನ ದ್ರವ ನೇರವಾಗಿ ಮತ್ತೊಬ್ಬರ ಗಾಯಕ್ಕೆ ತಗುಲಿ ಬಂದದ್ದು ಬಹಳ ಅಪರೂಪ. ಹುಣ್ಣಿಗೆ ಬ್ಯಾಂಡೇಜು ಹಾಕಿ, ಶುಶ್ರೂಷೆ ಮಾಡುವವರು ಕೈಗವಸು ಹಾಕಿಕೊಂಡರೆ ಸಾಕು. ರೋಗಿಯನ್ನು ಮನೆಯಿಂದ, ಊರಿನಿಂದ ದೂರ ಇಡುವ ಅಗತ್ಯವಿಲ್ಲ.

ಚೆನ್ನಾಗಿ ಬೇಯಿಸಿದರೆ ಮಾಂಸ ಸುರಕ್ಷಿತ. ಅಪಾಯಕಾರಿ ಮಾತು. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅಡುಗೆಮನೆಯ ಬಿಸಿಗೆ ಎಲ್ಲ ಸ್ಪೋರ್‌ಗಳೂ ಸಾಯುತ್ತವೆ ಎಂದು ನಂಬಲಾಗದು. ಅದಕ್ಕಿಂತ ಮುಖ್ಯವಾಗಿ, ಪಾತ್ರೆ ಒಲೆಗೇರುವ ಮೊದಲೇ ಸುಲಿದವರ, ಕೊಯ್ದವರ, ತೊಳೆದವರ ಕೈಗೆ ಅಪಾಯ ತಗುಲಿ ಆಗಿರುತ್ತದೆ.

ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು. ಸಾಲದು. ಆಲ್ಕೋಹಾಲ್ ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಸ್ಪೋರ್‌ಗಳು ಚರ್ಮದಿಂದ ತೊಳೆದುಹೋಗುತ್ತವೆ.

ಹುಣ್ಣು ಕೊಯ್ದು ಕೀವು ತೆಗೆದರೆ ಬೇಗ ವಾಸಿ. ಮಾಡಲೇಬಾರದು. ಇದರಲ್ಲಿ ಸಾಮಾನ್ಯವಾಗಿ ಕೀವೇ ಇರುವುದಿಲ್ಲ. ಕೊಯ್ದರೆ, ಹಿಂಡಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಹರಡುವ ಸಾಧ್ಯತೆ ಇದೆ. ಸುಣ್ಣ, ಬೂದಿ ಹಚ್ಚುವುದು, ಬರೆ ಹಾಕುವುದೂ ಬೇಡ.

ಅರಿಶಿನ, ಬೇವು ಹಚ್ಚಿದರೆ ಹೋಗುತ್ತದೆ. ಬ್ಯಾಕ್ಟೀರಿಯಾ ಚರ್ಮದ ಒಳಗೆ ಬೆಳೆಯುತ್ತಿರುತ್ತದೆ, ವಿಷ ಮೈಯೊಳಗೆ ಹರಿಯುತ್ತಿರುತ್ತದೆ. ಮೇಲೆ ಹಚ್ಚಿದ ಲೇಪ ಅದನ್ನು ತಲುಪದು. ಅದರಿಂದಾಗುವ ದೊಡ್ಡ ನಷ್ಟ ಕಳೆದುಹೋಗುವ ಸಮಯ.

ಆಂಥ್ರಾಕ್ಸ್ ಎಂದರೆ ಬಿಳಿ ಪುಡಿ, ಭಯೋತ್ಪಾದಕರ ಅಸ್ತ್ರ. ಈ ಭಯ 2001ರ ಅಮೆರಿಕದ ಘಟನೆಯಿಂದ ಬಂದದ್ದು. ಆಗ 22 ಮಂದಿಗೆ ಸೋಂಕು ತಗುಲಿತು, ಐವರು ಸತ್ತರು. ಸತ್ತವರೆಲ್ಲರೂ ಉಸಿರಿನ ಮೂಲಕ ಸೋಂಕು ತಗುಲಿದವರು. ಚರ್ಮದ ಆಂಥ್ರಾಕ್ಸ್ ಬಂದ 11 ಮಂದಿಯೂ ಬದುಕಿದರು. ನಮ್ಮ ಹಳ್ಳಿಯ ಹುಣ್ಣಿಗೂ ಆ ಪುಡಿಗೂ ಬ್ಯಾಕ್ಟೀರಿಯಾ ಒಂದೇ, ಸಂದರ್ಭ ಬೇರೆ.

ಪ್ರಾಣಿ ಇದ್ದಕ್ಕಿದ್ದಂತೆ ಸತ್ತರೆ ಏನು ಮಾಡಬೇಕು?

- ಹೆಣವನ್ನು ಮುಟ್ಟದೆ, ಎಳೆಯದೆ, ಇದ್ದ ಜಾಗದಲ್ಲೇ ಬಿಡಿ. ಎಳೆದರೆ ದಾರಿಯುದ್ದಕ್ಕೂ ರಕ್ತ ಸೋರುತ್ತದೆ.
- ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.
- ಪಶುವೈದ್ಯರು ಬರುವವರೆಗೆ ನಾಯಿ, ಕಾಗೆ, ಮಕ್ಕಳು ಹತ್ತಿರ ಸುಳಿಯದಂತೆ ಕಾಯಿರಿ. ನಾಯಿಗಳು ಹೆಣದ ತುಂಡುಗಳನ್ನು ಎಳೆದೊಯ್ದು ಊರೆಲ್ಲ ಹರಡುತ್ತವೆ.
- ಕೆರೆ, ಹಳ್ಳ, ಬಾವಿಯ ಹತ್ತಿರ ಎಸೆಯಬೇಡಿ. ಸುಡುವುದೋ ಆಳವಾಗಿ ಹೂಳುವುದೋ, ಪಶುವೈದ್ಯರ ಉಸ್ತುವಾರಿಯಲ್ಲೇ ಆಗಲಿ. ಸತ್ತ ಜಾಗದ ಮಣ್ಣು, ಹುಲ್ಲು, ಹಾಸಿದ್ದ ಕಸವೂ ಅದರ ಜೊತೆಗೇ ಹೋಗಬೇಕು.
- ಉಳಿದ ದನ-ಕುರಿಗಳನ್ನು ಆ ಜಾಗದಲ್ಲಿ ಮೇಯಿಸಬೇಡಿ. ಜ್ವರ ಬಂದ ಪ್ರಾಣಿಯ ಹಾಲು ಬಳಸಬೇಡಿ.

ಈಗಾಗಲೇ ಮುಟ್ಟಿದ್ದರೆ, ಕೊಯ್ದಿದ್ದರೆ ಗಾಬರಿ ಬೇಡ. ಕೈಕಾಲು ಸೋಪಿನಿಂದ ಚೆನ್ನಾಗಿ ತೊಳೆದು ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ತೊಳೆಯಿರಿ. ಆರೋಗ್ಯ ಕೇಂದ್ರಕ್ಕೆ ಹೋಗಿ ವಿಷಯ ತಿಳಿಸಿ. ಮುಂದಿನ ಎರಡು ವಾರ ಮೈಮೇಲೆ ಹೊಸ ಗುಳ್ಳೆ ಏಳುತ್ತದೆಯೇ ಎಂದು ಗಮನಿಸಿ. ಮಾಂಸ ತಿಂದವರಿಗೆ ಹೊಟ್ಟೆನೋವು, ರಕ್ತಭೇದಿ, ಜ್ವರ ಬಂದರೆ ಒಂದು ಗಂಟೆಯೂ ತಡ ಮಾಡಬೇಡಿ. ಆರೋಗ್ಯ ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದು.

ಲಸಿಕೆ ಇದೆಯೇ?

ಪ್ರಾಣಿಗಳಿಗೆ ಒಳ್ಳೆಯ ಲಸಿಕೆ ಇದೆ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮ್ಯಾಕ್ಸ್ ಸ್ಟರ್ನ್ ಎಂಬ ವಿಜ್ಞಾನಿ ರೋಗ ತರಲಾಗದಷ್ಟು ದುರ್ಬಲವಾದ ತಳಿಯೊಂದನ್ನು ಬೇರ್ಪಡಿಸಿದರು. ಇಂದಿಗೂ ಜಗತ್ತಿನ ಹೆಚ್ಚಿನ ಕಡೆ ಜಾನುವಾರುಗಳಿಗೆ ಅದರಿಂದಲೇ ಲಸಿಕೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಆಂಥ್ರಾಕ್ಸ್ ಲಸಿಕೆ ತಯಾರಿಸುತ್ತದೆ.

ರೋಗ ಕಂಡ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಲಸಿಕೆಯ ರಕ್ಷಣೆ ಬರಲು ಕೆಲವು ದಿನ ಬೇಕು, ಹಾಗಾಗಿ ದನ ಸತ್ತ ಮೇಲೆ ಓಡುವುದಕ್ಕಿಂತ ಮೊದಲೇ ಹಾಕಿಸುವುದು ಮೇಲು. ಇದು ಜೀವಂತ ಲಸಿಕೆ. ಅದೇ ಸಮಯದಲ್ಲಿ ಆ್ಯಂಟಿಬಯೋಟಿಕ್ ಕೊಟ್ಟರೆ ಲಸಿಕೆ ವ್ಯರ್ಥವಾಗುತ್ತದೆ, ಆದ್ದರಿಂದ ಪ್ರಾಣಿಗೆ ಯಾವುದಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಪಶುವೈದ್ಯರಿಗೆ ಹೇಳಿ. ಮನುಷ್ಯರ ಲಸಿಕೆ ಬೇರೆಯೇ ಇದೆ. ಅದು ಸೈನಿಕರು, ಪ್ರಯೋಗಾಲಯದವರಂಥ ಕೆಲವರಿಗೆ ಮಾತ್ರ, ಸಾರ್ವಜನಿಕರಿಗೆ ಬೇಕಿಲ್ಲ.

ಡಾಕ್ಟರಿಗೆ ಹೇಳಲೇಬೇಕಾದ ಒಂದು ಮಾತು

ಬಡವರ ಮನೆಯಲ್ಲಿ ಒಂದು ಹಸು ಸಾಯುವುದೆಂದರೆ ವರ್ಷದ ದುಡಿಮೆ ಮಣ್ಣುಪಾಲಾದಂತೆ. ಮಾಂಸವಾದರೂ, ತೊಗಲಾದರೂ ದಕ್ಕಲಿ ಎಂದು ಅನ್ನಿಸುವುದು ತಪ್ಪಲ್ಲ. ಸತ್ತ ದನ ಎಳೆಯುವ, ಸುಲಿಯುವ ಕೆಲಸವನ್ನು ನಮ್ಮ ಊರುಗಳು ತಲೆಮಾರುಗಳಿಂದ ಕೆಲವೇ ಸಮುದಾಯಗಳ ಮೇಲೆ ಹೊರಿಸಿವೆ. ಕಾಯಿಲೆಯ ಭಾರವೂ ಮೊದಲು ಬೀಳುವುದು ಅವರ ಕೈಗಳ ಮೇಲೆ. ಜಾನುವಾರು ವಿಮೆಯಾಗಲಿ, ಸರ್ಕಾರದ ಪರಿಹಾರವಾಗಲಿ, ಅದಕ್ಕೆ ಪಶುವೈದ್ಯರ ದೃಢೀಕರಣ ಬೇಕು. ಗುಟ್ಟಾಗಿ ಕೊಯ್ದರೆ ಆ ದಾರಿಯೂ ಮುಚ್ಚುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಇದೇನಾಯಿತು ಎಂದು ಕೇಳಿದಾಗ ನಾಚಿಕೆಗೋ ಭಯಕ್ಕೋ ಮುಳ್ಳು ಚುಚ್ಚಿತು ಎನ್ನುವವರು ಹಲವರು. ಸತ್ತ ಪ್ರಾಣಿಯ ವಿಷಯ ಗೊತ್ತಾಗದಿದ್ದರೆ ಎಷ್ಟೇ ಒಳ್ಳೆಯ ಡಾಕ್ಟರಿಗೂ ಆಂಥ್ರಾಕ್ಸ್ ಹೊಳೆಯುವುದು ಕಷ್ಟ. ಹತ್ತು ದಿನದ ಹಿಂದೆ ಸತ್ತ ಕುರಿಯನ್ನು ಕೊಯ್ದಿದ್ದೆ ಎಂಬ ಒಂದು ವಾಕ್ಯ ಹುಣ್ಣಿನ ಫೋಟೊಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅದೇ ಮಾತಿನಿಂದ ಜೊತೆಯಲ್ಲಿ ಕೊಯ್ದವರನ್ನು, ತಿಂದವರನ್ನು ಹುಡುಕಿ ಅವರನ್ನೂ ಉಳಿಸಬಹುದು.

ಹಾಗಾಗಿ ಈ ಬಗ್ಗೆ ಫಾರ್ವರ್ಡ್ ಮಾಡುವುದಿದ್ದರೆ ಹೆದರಿಸುವ ಫೋಟೊ ಬಿಟ್ಟು ಈ ಮೂರು ಸಾಲು ಕಳಿಸಿ:

ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯನ್ನು ಕೊಯ್ಯಬೇಡಿ, 1962ಕ್ಕೆ ಕರೆ ಮಾಡಿ.
ನೋವಿಲ್ಲದ ಕಪ್ಪು ಹುಣ್ಣನ್ನು ಅಂದೇ ಡಾಕ್ಟರಿಗೆ ತೋರಿಸಿ.
ಸತ್ತ ಪ್ರಾಣಿಯನ್ನು ಮುಟ್ಟಿದ್ದರೆ ಅದನ್ನು ಮುಚ್ಚಿಡದೆ ಹೇಳಿ.